ರನ್‌ವೇ ಮುಂದಿನ ಬಯಲು ಉಳಿಯಲಿ

ರಾಯಚೂರಿನ ಯರಮರಸ್‌ನಲ್ಲಿ ನಿರ್ಮಾಣವಾಗುತ್ತಿರುವ ವಿಮಾನ ನಿಲ್ದಾಣದ ರನ್‌ವೇಯ ಎರಡೂ ತುದಿಗಳ ಆಚೆ ಲೇಔಟ್‌ಗಳು ತಲೆ ಎತ್ತದಂತೆ ಈಗಲೇ ತಡೆಯಬೇಕಿದೆ. ಒಂದೇ ಎಂಜಿನ್ ಇರುವ ಸಣ್ಣ ಖಾಸಗಿ ವಿಮಾನ ಮೇಲೇರಿದ ಕೂಡಲೇ ಎಂಜಿನ್ ನಿಂತುಹೋದರೆ, ರನ್‌ವೇಗೆ ಮರಳುವ ಯತ್ನವೇ ಹೆಚ್ಚು ಅಪಾಯಕಾರಿ. ಕಡಿಮೆ ಎತ್ತರದಲ್ಲಿ ತಿರುಗುವಾಗ ವೇಗ ಕುಸಿದು, ರೆಕ್ಕೆಗಳು ಎತ್ತುವ ಬಲ ಕಳೆದುಕೊಂಡು ವಿಮಾನ ನೆಲಕ್ಕಪ್ಪಳಿಸುತ್ತದೆ. ಆದ್ದರಿಂದಲೇ ಮೂಗನ್ನು ತಗ್ಗಿಸಿ, ವೇಗ ಕಾಯ್ದುಕೊಂಡು, ಬಹುತೇಕ ನೇರವಾಗಿ ಮುಂದೆ ಸಿಕ್ಕ ಬಯಲಲ್ಲೇ ಇಳಿಯುವಂತೆ ಪೈಲಟ್‌ಗಳಿಗೆ ಕಲಿಸಲಾಗುತ್ತದೆ. ಸೆಸ್ನಾ 172ರಂಥ ವಿಮಾನ 500 ಅಡಿ ಎತ್ತರದಿಂದ ಎಂಜಿನ್ ಇಲ್ಲದೆ ತೇಲಬಲ್ಲದ್ದು ಸುಮಾರು ಒಂದೂಕಾಲು ಕಿಲೋಮೀಟರ್ ಮಾತ್ರ. ಯೋಚಿಸಲು ಒಂದು ನಿಮಿಷವೂ ಸಿಗದು. ಆ ಹೊತ್ತಿನಲ್ಲಿ ಎದುರಿಗೆ ಹತ್ತಿ ಹೊಲವಿದೆಯೋ, ಮನೆಗಳ ಸಾಲಿದೆಯೋ ಎಂಬುದರ ಮೇಲೆ ಜೀವಗಳು ನಿಂತಿರುತ್ತವೆ.

ದೊಡ್ಡ ವಿಮಾನವೂ ಇದಕ್ಕೆ ಹೊರತಲ್ಲ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಮೇಲೇರಿದ ವಿಮಾನವು ವೈದ್ಯಕೀಯ ಕಾಲೇಜಿನ ಹಾಸ್ಟೆಲ್ ಮೇಲೆ ಬಿದ್ದಾಗ, ವಿಮಾನದಲ್ಲಿದ್ದವರಷ್ಟೇ ಅಲ್ಲ, ನೆಲದ ಮೇಲಿದ್ದವರೂ ಪ್ರಾಣ ಕಳೆದುಕೊಂಡರು.

ನಿಲ್ದಾಣದ ಸುತ್ತಲಿನ ಕಟ್ಟಡಗಳ ಎತ್ತರಕ್ಕೆ ನಿಯಮವಿದೆ, ನಿಜ. ಆದರೆ ತಗ್ಗಾದ ಮನೆಗಳ ನಡುವೆಯೂ ವಿಮಾನ ಇಳಿಯಲಾರದು. ಜಿಲ್ಲಾಡಳಿತವು ರನ್‌ವೇಯ ಎರಡೂ ತುದಿಗಳಿಂದ ಕನಿಷ್ಠ ಒಂದೂವರೆ ಕಿಲೋಮೀಟರ್‌ವರೆಗಿನ ನೇರ ಪಟ್ಟಿಯನ್ನು ಕೃಷಿ ವಲಯವೆಂದು ಘೋಷಿಸಿ, ಅಲ್ಲಿ ಬಡಾವಣೆಗಾಗಲಿ ಹೊಸ ಹೈಟೆನ್ಷನ್ ತಂತಿಗಾಗಲಿ ಅನುಮತಿ ನೀಡಬಾರದು. ಜಮೀನಿನ ಬೆಲೆ ಏರಿಕೆಯ ಲಾಭ ಕೈತಪ್ಪುವ ರೈತರಿಗೆ ನ್ಯಾಯಯುತ ಪರಿಹಾರವನ್ನೂ ಜೊತೆಗೇ ನಿಗದಿಪಡಿಸಬೇಕು.

– ಒಬ್ಬ ಓದುಗ, ರಾಯಚೂರು