ಮೊದಲು ಗುಳಿಗಿ ಎಣಿಸು

ಚಿ. ಮಗಳಿಗೆ ಅವ್ವನ ಆಶೀರ್ವಾದಗಳು.

ವಿಜಯಪುರದ ಬಿಸಿಲಿಗೆ ತಲೆಬ್ಯಾನಿ ಬಂದೇ ಬರತದ ಅಂತ ರೂಮಿನವರು ಹೇಳಿದ್ದನ್ನು ನಂಬಿ ಕೂಡಬೇಡ. ಮೂರು ತಿಂಗಳಾದರೂ ಬಿಡದ ನೋವನ್ನು ಡಾಕ್ಟರಿಗೆ ತೋರಿಸಲೇಬೇಕು.

ಮೊದಲು ಗುಳಿಗಿ ಎಣಿಸು. ಪ್ಯಾರಾಸಿಟಮಾಲ್‌ನಂಥ ಸಾದಾ ಗುಳಿಗಿ ತಿಂಗಳಿಗೆ 15 ದಿನ, ಎರಡು ಮೂರು ಔಷಧ ಕೂಡಿಸಿದ್ದಾದರೆ 10 ದಿನ, ಅಥವಾ ಅದಕ್ಕೂ ಹೆಚ್ಚು, ಹೀಗೆ ಮೂರು ತಿಂಗಳು ದಾಟಿದರೆ ಗುಳಿಗಿಯೇ ತಲೆನೋವು ತರಿಸಬಹುದು. ಬಿಟ್ಟ ಮೊದಲ ದಿನಗಳಲ್ಲಿ ನೋವು ಏರುತ್ತದೆ. ಅಷ್ಟಕ್ಕೇ ಹೆದರಿ ಮತ್ತೆ ನುಂಗುವವರೇ ಬಹಳ. ಹಾಗಾಗಿ ಡಾಕ್ಟರನ್ನು ಕೇಳಿಯೇ ಬಿಡು.

ಗೋಡೆಯ ಕ್ಯಾಲೆಂಡರಿನ ಮನೆಗಳಲ್ಲೇ ಬರೆದಿಡು: ‘ಮಧ್ಯಾಹ್ನ 3, ಎಡಗಣ್ಣಿನ ಹಿಂದೆ, ಬಡಿತ, ವಾಂತಿ, ಗುಳಿಗಿ 1, 6 ತಾಸು.’ ಮುಟ್ಟಿನ ದಿನ, ನಿದ್ದೆಗೆಟ್ಟ ರಾತ್ರಿ, ಸೋಮವಾರದ ಉಪವಾಸ ಎಲ್ಲಕ್ಕೂ ಗುರುತು ಹಾಕು. ಒಂದು ತಿಂಗಳ ಹಾಳೆ ನೋಡಿದರೆ ಡಾಕ್ಟರಿಗೆ ಅರ್ಧ ಕೆಲಸ ಮುಗಿದಂತೆ. ಒಂದೇ ಕಡೆ ಬಡಿದು, ಬೆಳಕು ಸದ್ದು ಸಹಿಸದೆ, 4ರಿಂದ 72 ತಾಸು ಇದ್ದರೆ ಹೆಚ್ಚಾಗಿ ಮೈಗ್ರೇನ್. ಎರಡೂ ಕಡೆ ಪಟ್ಟಿ ಬಿಗಿದಂತಾಗಿ, ಓಡಾಡಿದರೆ ಹೆಚ್ಚಾಗದಿದ್ದರೆ ಹೆಚ್ಚಾಗಿ ಟೆನ್ಷನ್ ತಲೆನೋವು. ಸೈನಸ್ ಎಂದು ಜನ ಹೇಳುವುದರಲ್ಲೂ ಬಹಳಷ್ಟು ಮೈಗ್ರೇನೇ.

ಪಿಸಿಒಡಿಗೆಂದು (ಮುಟ್ಟು ಏರುಪೇರಾಗುವ ಅಂಡಾಶಯದ ತೊಂದರೆ) ಹಾರ್ಮೋನ್ ಗುಳಿಗಿ ತಗೊಳ್ಳುತ್ತಿದ್ದರೆ ಮುಚ್ಚಿಡಬೇಡ. ನೋವಿಗೆ ಮುಂಚೆ ಕಣ್ಣೆದುರು ಅಂಕುಡೊಂಕು ಮಿಂಚುಗೆರೆ ಕಾಣುವವರಿಗೆ ಈಸ್ಟ್ರೋಜೆನ್ ಇರುವ ಗುಳಿಗಿಯಿಂದ ಲಕ್ವಾದ ಅಪಾಯ ಹೆಚ್ಚು.

ಡಾಕ್ಟರು ಬಿಪಿ ನೋಡಲಿ, ಕಣ್ಣೊಳಗಿನ ನರ ಬಾತಿದೆಯೇ ಪರೀಕ್ಷಿಸಲಿ. ಇದನ್ನು ಕೇಳಿಯಾದರೂ ಮಾಡಿಸಿಕೊ: ತಲೆಬುರುಡೆಯೊಳಗೆ ಒತ್ತಡ ಏರಿದರೆ ಗುರುತು ಸಿಗುವುದು ಅಲ್ಲೇ, ತಡವಾದರೆ ದೃಷ್ಟಿಗೇ ಕುತ್ತು. ಚಷ್ಮಾದ ನಂಬರು, ಹಿಮೋಗ್ಲೋಬಿನ್, ಥೈರಾಯ್ಡ್ ಅವರು ಬೇಕೆಂದರೆ ಸಾಕು. ಪರೀಕ್ಷೆಯಲ್ಲಿ ಎಲ್ಲ ಸರಿಯಿದ್ದರೆ ಸಾಮಾನ್ಯವಾಗಿ ಸ್ಕ್ಯಾನ್ ಬೇಕಾಗುವುದಿಲ್ಲ. ಮೈಗ್ರೇನ್ ಸ್ಕ್ಯಾನಿನಲ್ಲಿ ಕಾಣುವುದೂ ಇಲ್ಲ.

ಆದರೆ ಒಂದು ನಿಮಿಷದೊಳಗೆ ಸಿಡಿಲು ಹೊಡೆದಂತೆ ನೋವು ಏರಿದರೆ, ಜ್ವರದ ಜೊತೆ ಕುತ್ತಿಗೆ ಸೆಟೆದರೆ, ಮಾತು ತೊದಲಿದರೆ, ಕೈ ಸೋತರೆ, ದೃಷ್ಟಿ ಮಂಜಾದರೆ ಕ್ಯಾಲೆಂಡರು ಬಿಟ್ಟು ನಡುರಾತ್ರಿಯಾದರೂ 108ಕ್ಕೆ ಫೋನು ಮಾಡು. ನಾವು ಬಾಗಲಕೋಟೆಯಿಂದ ಬರುವ ತನಕ ಕಾಯಬೇಡ.

ಖಾಲಿಯಾದ ಗುಳಿಗಿ ಪಟ್ಟಿಗಳನ್ನು ಎಸೆಯದೆ ಚೀಲದಲ್ಲಿ ಹಾಕಿಕೊಂಡು ಹೋಗು. ಹೆಸರು ಮರೆತರೂ ಡಾಕ್ಟರು ಓದಿಕೊಳ್ಳುತ್ತಾರೆ.

ನಿನ್ನ ಅವ್ವ