ಉಗಿ ಎಂಜಿನ್ ಮಾದರಿಗಳನ್ನು ಡಬ್ಬಿಯಲ್ಲೇ ಇಡಬೇಡಿ

ಮಾನ್ಯ ಸಂಪಾದಕರೇ,

ಮಾದರಿ ರೈಲು ಎಂಜಿನ್‌ಗಳ ಸಂಗ್ರಹದ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಆಸೆಯಿಂದ ಓದಿದೆ. ಚಿತ್ರಗಳು ಚೆನ್ನಾಗಿದ್ದವು. ಆದರೆ ಕೊನೆಯಲ್ಲಿ ಸಂಗ್ರಹಕಾರರಿಗೆ ಕೊಟ್ಟಿರುವ ಸಲಹೆಯನ್ನು ಓದಿ ಸುಮ್ಮನಿರಲಾಗಲಿಲ್ಲ. ಡಬ್ಬಿ ತೆರೆಯಬೇಡಿ, ಎಂಜಿನ್ನನ್ನು ಹಳಿಗೆ ಇಳಿಸಬೇಡಿ, ಇಳಿಸಿದರೆ ಬೆಲೆ ಕಳೆದುಕೊಳ್ಳುತ್ತದೆ ಎಂದು ಬರೆದಿದ್ದೀರಿ. ನಾನು ಗಡಿಯಾರ ರಿಪೇರಿ ಮಾಡುವವನು. ಮನೆಯಲ್ಲಿ ಹಲಗೆಯ ಮೇಲೆ ಹಳಿ ಹಾಸಿ ಉಗಿ ಎಂಜಿನ್ ಮಾದರಿಗಳನ್ನು ಓಡಿಸುತ್ತೇನೆ. ಬೇರೆಯವರ ಎಂಜಿನ್‌ಗಳೂ ದುರಸ್ತಿಗೆಂದು ನನ್ನ ಮೇಜಿಗೆ ಬರುತ್ತವೆ. ಓಡಿ ಓಡಿ ಸವೆದು ಬಂದವು ಅವುಗಳಲ್ಲಿ ಕಡಿಮೆ. ನಿಂತಲ್ಲೇ ನಿಂತು ಕೆಟ್ಟವೇ ಹೆಚ್ಚು.

ಡಬ್ಬಿಯೊಳಗೆ ಏನಾಗುತ್ತದೆ ಎಂಬುದನ್ನು ಲೇಖನ ಹೇಳಲಿಲ್ಲ. ಕಾರ್ಖಾನೆಯಲ್ಲಿ ಹಾಕಿದ ಗ್ರೀಸ್ ವರ್ಷಗಳು ಕಳೆದಂತೆ ಮೇಣದಂತೆ ಗಟ್ಟಿಯಾಗಿ ಗೇರಿನ ಹಲ್ಲುಗಳನ್ನು ಹಿಡಿದುಕೊಳ್ಳುತ್ತದೆ. ಹಿಡಿತಕ್ಕಾಗಿ ಗಾಲಿಗೆ ತೊಡಿಸಿದ ರಬ್ಬರ್ ಪಟ್ಟಿ ಒಣಗಿ ಬಿರಿಯುತ್ತದೆ. ಗಾಲಿಗಳ ನಡುವಿನ ಲೋಹದ ಇರುಸಿನ ಮೇಲೆ ಬಿಗಿಯಾಗಿ ಕೂರಿಸಿದ ಪ್ಲಾಸ್ಟಿಕ್ ಗೇರು ಆ ಬಿಗಿತಕ್ಕೇ ಸೀಳುತ್ತದೆ. ಎಂಜಿನ್ ಒಂದು ಅಡಿಯೂ ಓಡಿರಬೇಕಾಗಿಲ್ಲ. ಹಳಿಯಿಂದ ವಿದ್ಯುತ್ತನ್ನು ಎತ್ತಿಕೊಳ್ಳುವ ತೆಳುವಾದ ಲೋಹದ ಪಟ್ಟಿಗಳು ಕಪ್ಪಾಗುತ್ತವೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಕೈಯಿಂದ ಮಾಡಿದ ದುಬಾರಿ ಹಿತ್ತಾಳೆ ಎಂಜಿನ್‌ಗಳ ಡಬ್ಬಿಯಲ್ಲಿ ರಕ್ಷಣೆಗೆಂದು ಇಟ್ಟಿರುವ ಸ್ಪಂಜು ಕಾಲಕ್ರಮೇಣ ಕರಗಿದಂತಾಗಿ ಬಣ್ಣಕ್ಕೆ ಅಂಟಿಕೊಳ್ಳುತ್ತದೆ. ಬಿಡಿಸಲು ಹೋದರೆ ಬಣ್ಣವೂ ಜತೆಗೆ ಬರುತ್ತದೆ. ತೆರೆಯದ ಡಬ್ಬಿಗೆ ಹೆಚ್ಚು ಹಣ ಕೊಟ್ಟವರಿಗೆ ಇದು ಯಾವುದೂ ಹೊರಗಿನಿಂದ ಕಾಣುವುದಿಲ್ಲ.

ಬೆಲೆಯ ಮಾತು ಅಲ್ಲಿಗೆ ಸಾಕು. ನನಗೆ ನಿಜವಾಗಿ ನೋವಾದದ್ದು ಬೇರೆ ಕಾರಣಕ್ಕೆ. ಡೀಸೆಲ್ ಅಥವಾ ವಿದ್ಯುತ್ ಎಂಜಿನ್ನಿನ ಯಂತ್ರವೆಲ್ಲ ಹೊದಿಕೆಯೊಳಗೆ ಅಡಗಿರುತ್ತದೆ. ಉಗಿ ಎಂಜಿನ್ನಿನ ಕೈಕಾಲುಗಳು ಹೆಚ್ಚಾಗಿ ಹೊರಗಿವೆ, ಆದ್ದರಿಂದ ಅದು ಚಲಿಸುವಾಗ ಮಾತ್ರ ಅರ್ಥವಾಗುತ್ತದೆ. 1844ರಲ್ಲಿ ಬೆಲ್ಜಿಯಂನ ಎಜೀಡ್ ವಾಲ್‌ಶಾರ್ಟ್ಸ್ ರೂಪಿಸಿದ ಕವಾಟ ಚಾಲನೆಯನ್ನೇ ನೋಡಿ. ಗಾಲಿಯ ಕ್ರ್ಯಾಂಕಿನಿಂದ, ಅಂದರೆ ಸರಳು ಗಾಲಿಯನ್ನು ತಿರುಗಿಸುವ ಹಿಡಿಯಿಂದ, ಒಂದು ಚಲನೆಯನ್ನೂ ಪಿಸ್ಟನ್ ಸರಳಿನ ತುದಿಯಿಂದ ಇನ್ನೊಂದು ಚಲನೆಯನ್ನೂ ಪಡೆದು, ಎರಡನ್ನೂ ಒಂದು ಸನ್ನೆಕೋಲಿನಲ್ಲಿ ಕೂಡಿಸಿ, ಸಿಲಿಂಡರಿಗೆ ಉಗಿ ಯಾವಾಗ ನುಗ್ಗಬೇಕು ಎಂಬುದನ್ನು ಅದು ನಿರ್ಧರಿಸುತ್ತದೆ. ಪುಸ್ತಕದ ಚಿತ್ರದಿಂದ ಇದನ್ನು ತಿಳಿಯಲು ನಾನು ಬಹಳ ಹೆಣಗಿದ್ದೆ. ಮಾದರಿ ಎಂಜಿನ್ನನ್ನು ಹಳಿಯ ಮೇಲೆ ನಿಧಾನವಾಗಿ ಬಿಟ್ಟು, ಮೇಜಿನ ಎತ್ತರಕ್ಕೆ ಕಣ್ಣಿಟ್ಟು ನೋಡಿದಾಗ ಸನ್ನೆಕೋಲುಗಳ ಲೆಕ್ಕ ತಾನಾಗಿ ಬಿಡಿಸಿಕೊಂಡಿತು. ನಿಜವಾದ ಎಂಜಿನ್ನಿನಲ್ಲಿ ಪಿಸ್ಟನ್ ಗಾಲಿಯನ್ನು ತಳ್ಳುತ್ತದೆ. ವಿದ್ಯುತ್ ಮಾದರಿಯಲ್ಲಿ ಮೋಟರು ಗಾಲಿಯನ್ನು ತಿರುಗಿಸಿ, ಗಾಲಿಯೇ ಪಿಸ್ಟನ್ನನ್ನು ಎಳೆದಾಡುತ್ತದೆ. ಹಾಗಿದ್ದರೂ ಸರಳುಗಳ ಓಟ ಸುಳ್ಳು ಹೇಳುವುದಿಲ್ಲ.

ಎರಡು ಸಿಲಿಂಡರಿನ ಎಂಜಿನ್ನಿನಲ್ಲಿ ಎಡಗಡೆಯ ಕ್ರ್ಯಾಂಕ್ ಮತ್ತು ಬಲಗಡೆಯ ಕ್ರ್ಯಾಂಕ್ ಒಂದಕ್ಕೊಂದು 90 ಡಿಗ್ರಿ ಅಂತರದಲ್ಲಿರುವುದನ್ನೂ ಓಡಿಸುವವರೇ ಗಮನಿಸುತ್ತಾರೆ. ಒಂದು ಕಡೆಯ ಪಿಸ್ಟನ್ ತುದಿ ಮುಟ್ಟಿ ಬಲವಿಲ್ಲದೆ ನಿಂತಾಗ ಇನ್ನೊಂದು ಕಡೆಯದು ನಡುದಾರಿಯಲ್ಲಿರಬೇಕು, ಇಲ್ಲವಾದರೆ ಎಂಜಿನ್ ಹೊರಡುವುದೇ ಇಲ್ಲ. ಮಾದರಿಯಲ್ಲಿ ಒಂದು ಜೋಡಿ ಗಾಲಿ ಈ ಕೋನದಿಂದ ಸ್ವಲ್ಪ ಜರುಗಿದರೂ ಪ್ರತಿ ಸುತ್ತಿಗೊಮ್ಮೆ ಎಂಜಿನ್ ಕುಂಟುತ್ತದೆ. ಎರಡು ಸಿಲಿಂಡರಿನ ಸಾಮಾನ್ಯ ಎಂಜಿನ್ ಗಾಲಿಯ ಒಂದು ಸುತ್ತಿಗೆ ನಾಲ್ಕು ಸಲ ಛುಕ್ ಎಂದು ಉಗಿಯ ಉಸಿರು ಬಿಡುತ್ತದೆ. 1938ರ ಜುಲೈ 3ರಂದು ಗಂಟೆಗೆ 126 ಮೈಲಿ ಓಡಿ ದಾಖಲೆ ಮಾಡಿದ ಬ್ರಿಟನ್ನಿನ ಉಗಿ ಎಂಜಿನ್ ಮಲ್ಲಾರ್ಡ್‌ಗೆ ಮೂರು ಸಿಲಿಂಡರ್. ಅದರದು ಆರು ಉಸಿರು. ಧ್ವನಿ ಅಳವಡಿಸಿದ ಮಾದರಿಯನ್ನು ಕೊಳ್ಳುವವರು ಮೊದಲು ಇದನ್ನು ಎಣಿಸಿ ನೋಡಬೇಕು ಎನ್ನುವುದು ನನ್ನ ಹಟ.

ಓಡಿಸುವವರಿಗೂ ಒಂದು ಮಾತು ಹೇಳಬೇಕು. ಹೆಚ್ಚಿನವರು ಅತಿ ವೇಗವಾಗಿ ಓಡಿಸುತ್ತಾರೆ. ಎಚ್‌ಓ ಅಳತೆಯಲ್ಲಿ, ಅಂದರೆ 87ರಲ್ಲಿ ಒಂದು ಪಾಲಿನ ಮಾದರಿಯಲ್ಲಿ, ಗಂಟೆಗೆ 100 ಕಿಲೋಮೀಟರ್ ಎಂದರೆ ಸೆಕೆಂಡಿಗೆ 32 ಸೆಂಟಿಮೀಟರ್ ಮಾತ್ರ. ಯಾರ್ಡಿನಲ್ಲಿ ಬೋಗಿಗಳನ್ನು ಜೋಡಿಸುವ ಎಂಜಿನ್ 10 ಕಿಲೋಮೀಟರ್ ವೇಗದಲ್ಲಿದ್ದರೆ ಸೆಕೆಂಡಿಗೆ ಮೂರು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. ಆ ವೇಗದಲ್ಲಿ ತಡವರಿಸದೆ ನಡೆಯುವ ಎಂಜಿನ್ನೇ ಒಳ್ಳೆಯ ಎಂಜಿನ್. ನಡೆಯದಿದ್ದರೆ ತಪ್ಪು ಸಾಮಾನ್ಯವಾಗಿ ಮೋಟರಿನದಲ್ಲ, ಹಳಿಯ ಕೊಳೆಯದು. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಹಳಿಯನ್ನೂ ಗಾಲಿಯನ್ನೂ ಒರೆಸಿದರೆ ಅರ್ಧ ದೂರು ಮುಗಿಯಿತು. ಮರಳು ಕಾಗದ ಬೇಡ. ಅದು ಬಿಟ್ಟ ಗೀರುಗಳಲ್ಲೇ ಮುಂದಿನ ಕೊಳೆ ಕೂರುತ್ತದೆ. ಎಣ್ಣೆಯ ವಿಷಯದಲ್ಲಿ ನನ್ನ ಕಸುಬಿನ ನಿಯಮವೇ ಇಲ್ಲಿಯೂ ನಡೆಯುತ್ತದೆ: ಸೂಜಿಯ ತುದಿಯಷ್ಟು, ತಿರುಗುವ ಜಾಗಕ್ಕೆ ಮಾತ್ರ, ಅದೂ ಪ್ಲಾಸ್ಟಿಕ್ಕನ್ನು ತಿನ್ನದ ಎಣ್ಣೆ.

ನಿಜವಾದ ಉಗಿಯಿಂದಲೇ ಓಡುವ ಮಾದರಿಗಳಿಗೆ ಲೇಖನದಲ್ಲಿ ಒಂದು ಸಾಲೂ ಸಿಗಲಿಲ್ಲ. ಹೆಚ್ಚಾಗಿ 32 ಅಥವಾ 45 ಮಿಲಿಮೀಟರ್ ಅಂತರದಲ್ಲಿ ಹಾಸಿದ ಜೋಡಿ ಹಳಿಯ ಮೇಲೆ, ಸ್ಪಿರಿಟ್ ದೀಪ ಅಥವಾ ಬ್ಯುಟೇನ್ ಅನಿಲದ ಉರಿಯಲ್ಲಿ ನೀರು ಕಾಯಿಸಿಕೊಂಡು ಇವು ಓಡುತ್ತವೆ. ಇವುಗಳಲ್ಲಿ ಎಣ್ಣೆ ಹಾಕುವ ಪುಟ್ಟ ಪಾತ್ರೆಯೊಂದಿದೆ. ಅದಕ್ಕೆ ಪಂಪಿಲ್ಲ, ಬತ್ತಿಯಿಲ್ಲ. ಒಳಬಂದ ಉಗಿ ತಣಿದು ನೀರಾಗಿ ಅಡಿಗೆ ಇಳಿಯುತ್ತದೆ, ಎಣ್ಣೆ ಮೇಲೆ ತೇಲಿ ಉಗಿಯ ಕೊಳವೆಗೆ ಹನಿಹನಿಯಾಗಿ ಉಕ್ಕಿ ಸಿಲಿಂಡರ್ ಸೇರುತ್ತದೆ. ಓಟ ಮುಗಿದ ಮೇಲೆ ಪಾತ್ರೆಯಲ್ಲಿ ಉಳಿದ ನೀರನ್ನು ತೆಗೆದರೆ ಎಷ್ಟು ಎಣ್ಣೆ ಹೋಗಿದೆ ಎಂಬುದೂ ಗೊತ್ತಾಗುತ್ತದೆ. ಇಷ್ಟು ಸರಳವಾದ, ಇಷ್ಟು ಜಾಣತನದ ವಸ್ತುವನ್ನು ನನ್ನ ಕಸುಬಿನಲ್ಲಿಯೂ ನಾನು ಹೆಚ್ಚು ಕಂಡಿಲ್ಲ. ಗಾಜಿನ ಕಪಾಟಿನಲ್ಲಿ ಅದು ಬರಿಯ ಹಿತ್ತಾಳೆಯ ಗುಬುಟಾಗಿ ಕಾಣುತ್ತದೆ.

ಓಡಿಸಲೇಬಾರದ ಎಂಜಿನ್‌ಗಳೂ ಇವೆ, ಒಪ್ಪುತ್ತೇನೆ. ಎರಡನೇ ಮಹಾಯುದ್ಧಕ್ಕೆ ಮೊದಲು ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದ ಅನೇಕ ಮಾದರಿಗಳಲ್ಲಿ ಸೀಸದ ಕಲಬೆರಕೆ ಸೇರಿತ್ತು. ಅಂಥ ಲೋಹ ಒಳಗಿನಿಂದಲೇ ಊದಿಕೊಂಡು, ಬಿರುಕುಬಿಟ್ಟು, ಕೊನೆಗೆ ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. ತೇವ ಮತ್ತು ಸೆಕೆ ಇದ್ದಲ್ಲಿ ಬೇಗ. ಇದಕ್ಕೆ ಮದ್ದಿಲ್ಲ. ಪಕ್ಕದ ಎಂಜಿನ್ನಿಗೆ ಇದು ಅಂಟುತ್ತದೆ ಎಂಬ ಭಯ ಮಾತ್ರ ಬೇಡ. ಅವುಗಳನ್ನು ಒಣ ಜಾಗದಲ್ಲಿ, ಭಾರ ಬೀಳದಂತೆ, ಕಪಾಟಿನಲ್ಲಿ ಇಡುವುದೇ ಸರಿ.

ಹಿರಿಯರು ಬಿಟ್ಟುಹೋದ ಪೆಟ್ಟಿಗೆ ತೆರೆದು, ಎಂಜಿನ್ ಕೈಗೆತ್ತಿಕೊಂಡು, ಏನು ಮಾಡುವುದೆಂದು ತೋಚದೆ ಬರುವ ಮಕ್ಕಳನ್ನು ನಾನು ನೋಡುತ್ತೇನೆ. ನಿಮ್ಮ ಲೇಖನ ಹೆಚ್ಚು ನೆರವಾಗಬೇಕಿದ್ದದ್ದು ಅವರಿಗೆ. ಸಿಕ್ಕಿದ ಟ್ರಾನ್ಸ್‌ಫಾರ್ಮರಿಗೆ ಜೋಡಿಸಿ ನೋಡುವುದನ್ನು ಅವರು ಮೊದಲು ನಿಲ್ಲಿಸಬೇಕು. ಎರಡು ಹಳಿಗಳಿಂದಲೇ ವಿದ್ಯುತ್ ಪಡೆಯುವ ಹೆಚ್ಚಿನ ಹಳೆಯ ಎಂಜಿನ್‌ಗಳು 12 ವೋಲ್ಟ್ ನೇರ ವಿದ್ಯುತ್ತಿನವು. ಮಾರ್ಕ್ಲಿನ್ ಕಂಪನಿಯ ಹಳೆಯ ಎಚ್‌ಓ ಎಂಜಿನ್‌ಗಳಿಗೆ ಬೇಕಾದದ್ದು ಪರ್ಯಾಯ ವಿದ್ಯುತ್. ಅವುಗಳ ಹೊಟ್ಟೆಯಡಿ ಉದ್ದನೆಯ ಲೋಹದ ಪಟ್ಟಿಯಿರುತ್ತದೆ, ಅದೇ ಗುರುತು. ನೇರ ವಿದ್ಯುತ್ತಿನ ಎಂಜಿನ್ನಿನಲ್ಲಿರುವ ಕಾಯಂ ಅಯಸ್ಕಾಂತದ ಮೋಟರಿಗೆ ಪರ್ಯಾಯ ವಿದ್ಯುತ್ ಕೊಟ್ಟರೆ ಅದು ತಿರುಗದೆ ಗುಂಯ್‌ಗುಟ್ಟಿ, ಕಾದು, ಸುಟ್ಟುಹೋಗುತ್ತದೆ. ಹಳೆಯ ಟ್ರಾನ್ಸ್‌ಫಾರ್ಮರಿನ ತಂತಿಯ ರಬ್ಬರ್ ಬಿರಿದಿದ್ದರೆ ಅಪಾಯ ಎಂಜಿನ್ನಿಗಷ್ಟೇ ಅಲ್ಲ, ಮನುಷ್ಯರಿಗೂ ಇದೆ. ಹಳೆಯ ಗ್ರೀಸ್ ತೆಗೆದು, ಗೇರು ಸೀಳಿಲ್ಲವೆಂದು ನೋಡಿಕೊಂಡು, ಹೊಸ ನಿಯಂತ್ರಕದಿಂದ ಕಡಿಮೆ ವೋಲ್ಟಿನಲ್ಲಿ ಮೊದಲ ಸಲ ಓಡಿಸಬೇಕು. ಡಬ್ಬಿಯಲ್ಲಿ ಉದುರಿ ಬಿದ್ದಿರುವ ಚಿಕ್ಕ ಸ್ಕ್ರೂ, ತುಂಡಾದ ಸರಳು ಯಾವುದನ್ನೂ ಬಿಸಾಡಬಾರದು. ಆ ತುಂಡಿನ ಅಳತೆಯಿಂದ ಹೊಸದನ್ನು ಮಾಡಬಹುದು. ತುಂಡೂ ಇಲ್ಲದಿದ್ದರೆ ಊಹೆಯೇ ಗತಿ.

ಇದೇ ಪುರವಣಿಯಲ್ಲಿ ಈ ವಿವರಗಳಿಗೂ ಜಾಗ ಕೊಡಬೇಕೆಂದು ಕೋರುತ್ತೇನೆ. ಮತ್ತೊಮ್ಮೆ ಈ ಹವ್ಯಾಸದ ಬಗ್ಗೆ ಬರೆಸುವಾಗ, ಎಂಜಿನ್ ಓಡಿಸುವವರ ಹಲಗೆಯ ಬಳಿಗೂ ನಿಮ್ಮ ವರದಿಗಾರರನ್ನು ಕಳಿಸಿ.

ಇಂತಿ,
ಗಡಿಯಾರ ರಿಪೇರಿ ಕಸುಬಿನ ಓದುಗ