ಉಪ್ಪಾಗೆ ಪುಡಿ ಕಳಿಸುವುದಿಲ್ಲ, ಪುಟ್ಟಿ

ಸಿದ್ದಾಪುರ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಮಳೆ ಬಿಡುತ್ತಿಲ್ಲ. ತೋಟಕ್ಕೆ ಕೊಳೆ ಔಷಧಿ ಹೊಡೆದದ್ದು ಒಂದೇ ಸಲ, ಎರಡನೆಯದಕ್ಕೆ ಬಿಸಿಲು ಕಾಯುತ್ತಾ ಕೂತಿದ್ದೇನೆ.

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸುಮ್ನೆ ಹೂಂ ಅಂದುಬಿಟ್ಟೆ. ತೂಕ ಇಳಿಸುವ ಕ್ಯಾಪ್ಸೂಲಿನ ಡಬ್ಬಿ ಮೇಲೆ ಗಾರ್ಸಿನಿಯಾ ಅಂತಿದೆ, ಅದು ಸಾರಿಗೆ ಹುಳಿಗೆ ಹಾಕುವ ನಮ್ಮ ಕಾಡಿನ ಉಪ್ಪಾಗೆ ಹಣ್ಣೇ ಅಂತೆ, ದುಡ್ಡು ಯಾಕೆ ಹಾಳು, ಮನೆಯಲ್ಲೇ ಪುಡಿ ಮಾಡಿ ಕಳಿಸಿ ಅಂದೆ ನೀನು. 'ಸಿಂಗಳೀಕವೇ ತಿನ್ನುತ್ತೆ, ನಂಗೇನಾಗುತ್ತೆ?' ಅಂತ ನಗಾಡಿದೆ ಬೇರೆ.

ಸಿಂಗಳೀಕ ತಿನ್ನುವುದನ್ನು ನೀನು ನೋಡಿಲ್ಲ, ನಾನು ನೋಡಿದ್ದೇನೆ. ಹಣ್ಣಾದ ಉಪ್ಪಾಗೆ ಗೊತ್ತಲ್ಲ, ಪುಟಾಣಿ ಕುಂಬಳಕಾಯಿ ಹಾಗೆ ಗೀರು ಗೀರು, ಹಳದಿ. ಅದನ್ನು ಕೈಯಲ್ಲಿ ತಿರುಗಿಸಿ, ಹಲ್ಲಿನಿಂದ ಸೀಳಿ, ಬೀಜಕ್ಕೆ ಅಂಟಿದ ಸಿಹಿ ತೊಳೆ ಚೀಪುತ್ತದೆ. ಹುಳಿ ಸಿಪ್ಪೆ ಕೆಳಗೆ ಬೀಳುತ್ತದೆ. ನಿನ್ನ ಕ್ಯಾಪ್ಸೂಲಿನಲ್ಲಿ ಇರುವುದು ಆ ಸಿಪ್ಪೆಯ ಸಾರ! ಮಂಗ ಎಸೆದದ್ದನ್ನು ನೀನು ನುಂಗುತ್ತಿದ್ದೀಯ.

ಈ 'ಪ್ರಾಣಿ ತಿಂದರೆ ನಮಗೂ ಒಳ್ಳೆಯದು' ಅನ್ನುವ ಮಾತಿನ ಬಗ್ಗೆ ಒಂದು ಕಥೆ ಹೇಳಬೇಕು. ತಾಂಜಾನಿಯಾದಲ್ಲಿ ಮಹಾಲೆ ಅಂತ ಬೆಟ್ಟಸಾಲು. 1987ರ ನವೆಂಬರಿನಲ್ಲಿ ಅಲ್ಲಿ ಚೌಸಿಕು ಅನ್ನುವ ಹೆಣ್ಣು ಚಿಂಪಾಂಜಿಗೆ ಮೈ ಸರಿ ಇರಲಿಲ್ಲ. ಹಗಲಲ್ಲೇ ಮಲಗುತ್ತಿತ್ತು. ಮೈಕೆಲ್ ಹಫ್‌ಮನ್ ಅನ್ನುವ ಸಂಶೋಧಕ ಅದರ ಹಿಂದೆಯೇ ಇದ್ದ. ಅದು ಒಂದು ಕಹಿ ಗಿಡದ ಹತ್ತಿರ ಹೋಗಿ ಎಳೆ ಕಾಂಡ ಮುರಿಯಿತು. ಎಲೆ ತೆಗೆಯಿತು, ಸಿಪ್ಪೆ ಸುಲಿಯಿತು, ಒಳಗಿನ ತಿರುಳು ಜಗಿದು ರಸ ಹೀರಿ ನಾರನ್ನು ಉಗುಳಿತು. ಮಾರನೇ ದಿನ ಓಡಾಡಿಕೊಂಡಿತ್ತು.

ಹಫ್‌ಮನ್ ಜೊತೆಗಿದ್ದವರು ಮೊಹಮ್ಮದಿ ಸೈಫು ಕಲುಂಡೆ, ಅಲ್ಲಿನ ಟೊಂಗ್ವೆ ಜನದ ನಾಟಿ ಔಷಧಿ ಬಲ್ಲವರು. 'ಇದು ನಮ್ಮ ಔಷಧಿ ಗಿಡ' ಅಂದವರು ಅವರೇ. ಹೊಟ್ಟೆಹುಳಕ್ಕೆ, ಜ್ವರಕ್ಕೆ ಅವರು ಅದರ ಎಲೆ ಬಳಸುತ್ತಾರೆ. ಆಮೇಲೆ ಪರೀಕ್ಷೆ ಮಾಡಿದರೆ, ಎಲೆಯಲ್ಲಿ ಜಾಸ್ತಿಯಾದರೆ ವಿಷವಾಗುವ ಅಂಶ ಇತ್ತು. ತಿರುಳಿನಲ್ಲಿ ಅದು ತೀರಾ ಕಡಿಮೆ. ಚಿಂಪಾಂಜಿ ಸುಲಿದು ಬಿಸಾಡಿದ್ದು ಅದಕ್ಕೇ ಇರಬೇಕು. ಅದು ದಿನಾ ತಿನ್ನುವ ಗಿಡವೂ ಅಲ್ಲ. ಜಾಸ್ತಿ ಮಳೆಗಾಲದಲ್ಲಿ, ಹೊಟ್ಟೆಹುಳ ಏರುವ ಹೊತ್ತಿನಲ್ಲಿ ಅದರ ಹತ್ತಿರ ಹೋಗುತ್ತವೆ.

ಇದನ್ನು ಓದಿದಾಗ ನನಗೆ ಅಮ್ಮ ಕುಡಿಸುತ್ತಿದ್ದ ಕಾಡುಜೀರಿಗೆ ಕಷಾಯ ನೆನಪಾಯಿತು. ಅದೂ ಆ ಗಿಡದ ನೆಂಟನೇ, ಅದೂ ಹುಳಕ್ಕೇ. ಮೂಗು ಹಿಡಿದು ಒಂದು ಒಳಲೆ ಕುಡಿಸಿ, ಬಾಯಿಗೆ ಬೆಲ್ಲ ಹಾಕುತ್ತಿದ್ದಳು. 'ನಾಳೆಯೂ ಕುಡೀಲಾ?' ಅಂತ ಬೆಲ್ಲದ ಆಸೆಗೆ ಕೇಳಿದರೆ ಬೈಗುಳ!

2022ರಲ್ಲಿ ಸುಮಾತ್ರಾದ ರಾಕುಸ್ ಅನ್ನುವ ಒರಾಂಗುಟಾನ್ ಕೂಡ ಹೀಗೇ. ಕಣ್ಣ ಕೆಳಗಿನ ಗಾಯಕ್ಕೆ ಒಂದು ಬಳ್ಳಿಯ ಎಲೆ ಜಗಿದು ರಸ ಹಚ್ಚಿಕೊಂಡಿತು. ಅಲ್ಲಿನ ಜನರಿಗೂ ಅದು ಮದ್ದಿನ ಬಳ್ಳಿ. ಐದು ದಿನದಲ್ಲಿ ಗಾಯ ಮುಚ್ಚಿತ್ತು.

ಇನ್ನು ನಿನ್ನ ಕ್ಯಾಪ್ಸೂಲು. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪರೀಕ್ಷೆ ಮಾಡಿದರು. ಗಾರ್ಸಿನಿಯಾ ತಿಂದವರಿಗೂ ಖಾಲಿ ಮಾತ್ರೆ ತಿಂದವರಿಗೂ ತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಇಂಥ ಮಾತ್ರೆ ತಿಂದು ಲಿವರ್ ಕೆಟ್ಟವರ ವರದಿಗಳಿವೆ, ಕೆಲವರಿಗೆ ಲಿವರ್ ಕಸಿಯೇ ಮಾಡಬೇಕಾಯಿತು. ಸಾರಿಗೆ ನಾವು ಹಾಕುವುದು ಒಣ ಸಿಪ್ಪೆಯ ಎರಡೇ ಎಸಳು, ಪುಟ್ಟಿ. ಡಬ್ಬಿಯನ್ನು ಮೊದಲು ಡಾಕ್ಟರಿಗೆ ತೋರಿಸು. ಅಲ್ಲಿಯವರೆಗೆ ಮುಟ್ಟಬೇಡ.

ಈ ಮಾತ್ರೆಯ ಮೇಲಿನ ಸಿಟ್ಟಿಗೆ ಇನ್ನೊಂದು ಕಾರಣವೂ ಇದೆ. 1990ರ ದಶಕದಲ್ಲಿ ಹೊರದೇಶದ ಬೇಡಿಕೆಗೆ ಉಪ್ಪಾಗೆ ರೇಟು ಏರಿದಾಗ ನಾನೂ ಕತ್ತಿ ಹಿಡಿದು ಹೋದವನೇ. ಹಣ್ಣಾಗುವ ತನಕ ಕಾದರೆ ಬೇರೆಯವರು ಕೊಯ್ಯುತ್ತಾರೆ ಅಂತ ಹಸಿ ಕಾಯನ್ನೇ ಕೊಂಬೆ ಸಮೇತ ಕಡಿದೆವು. ಮಳೆಗಾಲದಲ್ಲಿ ಸಿಪ್ಪೆ ಒಣಗಿಸಲು ಗಾಡಿಗಟ್ಟಲೆ ಕಟ್ಟಿಗೆ ಸುಟ್ಟೆವು. ಒಂದು ದಿನ ನಾನು ಕಡಿದು ಬೋಳಿಸಿದ ಮರದ ಮೇಲೆ ಸಿಂಗಳೀಕವೊಂದು ಮರಿ ಅವುಚಿಕೊಂಡು ಕೂತಿತ್ತು. ಸುಮಾರು ಹೊತ್ತು ಕೂತಿತ್ತು. ಅಘನಾಶಿನಿ ಕಣಿವೆಯನ್ನು ಅವುಗಳಿಗಾಗಿ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದ್ದು 2011ರಲ್ಲಿ. ಈಗ ನಾವು ಬಿದ್ದ ಹಣ್ಣನ್ನಷ್ಟೇ ಆರಿಸುತ್ತೇವೆ. ಸಿಂಗಳೀಕ ಚೀಪಿ ಎಸೆದ ಸಿಪ್ಪೆಯೂ ಬುಟ್ಟಿಗೆ ಬರುತ್ತದೆ.

ಪುಡಿ ಇಲ್ಲ ಅಂತ ಮುನಿಸಿಕೊಳ್ಳಬೇಡ. ನಿನ್ನ ದೊಡ್ಡಮ್ಮ ಉಪ್ಪಾಗೆ ಬೀಜದ ತುಪ್ಪ ಮಾಡಿಟ್ಟಿದ್ದಾಳೆ, ಒಂದು ಡಬ್ಬಿ ಕಳಿಸುತ್ತೇನೆ. ದೋಸೆ ಕಾವಲಿಗೆ ಸವರು. ತೂಕ ಇಳಿಯುವುದಿಲ್ಲ, ಆದರೆ ದೋಸೆ ಚೆನ್ನಾಗಿ ಏಳುತ್ತದೆ.

ಇಂತಿ,
ನಿನ್ನ ದೊಡ್ಡಪ್ಪ